ಕಳೆದ ಫೋನ್‌ಗೆ ಬೀಗ ಹಾಕುವ ಸಿಇಐಆರ್: ಹಾಸ್ಟೆಲ್‌ನಲ್ಲಿ ಬಳಸಿ ನೋಡಿದ ಮೇಲೆ

ಹಾಸ್ಟೆಲ್‌ನಲ್ಲಿ ಯಾರದ್ದಾದರೂ ಫೋನ್ ಹೋದರೆ ಸುತ್ತ ನಿಂತವರು ಮೊದಲು ಹೇಳುವ ಮಾತು, "ಇನ್ನ ಸಿಗಂಗಿಲ್ಲ, ಬಿಡು." ಹೇಳುವವರಿಗೆ ಕೆಟ್ಟ ಮನಸ್ಸಿರುವುದಿಲ್ಲ. ಸಮಾಧಾನಕ್ಕೆ ಅಂತಲೇ ಹೇಳುತ್ತಾರೆ. ಆದರೆ ಈ ಮಾತು ಕೇಳಿ ಎಷ್ಟೋ ಹುಡುಗಿಯರು ಠಾಣೆಗೂ ಹೋಗದೆ, ಸಿಮ್ ಕೂಡ ಬಂದ್ ಮಾಡಿಸದೆ, ಅತ್ತು ಮಲಗಿದ್ದನ್ನು ನೋಡಿದ್ದೇನೆ. ಅವರಿಗಾಗಿ ಈ ವಿಮರ್ಶೆ. ಕೇಂದ್ರ ದೂರಸಂಪರ್ಕ ಇಲಾಖೆ ನಡೆಸುವ ಸಿಇಐಆರ್ ಅನ್ನೋ ಸೇವೆಯ ಬಗ್ಗೆ ಬರೆಯುತ್ತಿದ್ದೇನೆ. ಕಳೆದುಹೋದ ಅಥವಾ ಕಳುವಾದ ಫೋನನ್ನು ದೇಶದ ಎಲ್ಲಾ ನೆಟ್‌ವರ್ಕ್‌ಗಳಲ್ಲೂ ಬಂದ್ ಮಾಡಿಸುವ ಸೇವೆ ಇದು. ದುಡ್ಡು ಕೊಡಬೇಕಾಗಿಲ್ಲ.

ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಈಗ ಸಂಶೋಧನೆ ಮಾಡುತ್ತಿರುವವಳು. ಹಾಸ್ಟೆಲ್‌ನಲ್ಲಿ ಹಳೆಯವಳಾದ್ದರಿಂದ ಜೂನಿಯರ್ ಹುಡುಗಿಯರು ಏನಾದರೂ ಆದರೆ ನನ್ನ ಹತ್ತಿರ ಬರುತ್ತಾರೆ. ಸಿಇಐಆರ್ ಜೊತೆ ನನ್ನ ಒಡನಾಟ ಶುರುವಾಗಿದ್ದು ಎಂ.ಕಾಂ. ಮೊದಲ ವರ್ಷದ ನನ್ನ ರೂಮ್‌ಮೇಟ್‌ನಿಂದ. ಗದಗ ಕಡೆಯ ಹಳ್ಳಿಯ ಹುಡುಗಿ. ಶನಿವಾರ ಸಂಜೆ ಹುಬ್ಬಳ್ಳಿಯಿಂದ ಬರುವ ಬಸ್ಸಿನಲ್ಲಿ ಕಾಲಿಡಲೂ ಜಾಗ ಇರಲಿಲ್ಲವಂತೆ. ಜುಬಿಲಿ ಸರ್ಕಲ್‌ನಲ್ಲಿ ಇಳಿದು ನೋಡಿದರೆ ಬ್ಯಾಗಿನ ಮುಂದಿನ ಜಿಪ್ ತೆರೆದಿದೆ, ಫೋನ್ ಇಲ್ಲ. ಅವಳ ಅವ್ವ ಸಂಘದ ಸಾಲ ತೆಗೆದು ಕೊಡಿಸಿದ ಫೋನ್ ಅದು. ಕಂತು ಇನ್ನೂ ಮುಗಿದಿರಲಿಲ್ಲ.

ಫೋನ್ ಹೋದರೆ ಇವತ್ತಿನ ವಿದ್ಯಾರ್ಥಿಗೆ ಏನೇನು ಹೋಗುತ್ತದೆ ಅನ್ನೋದು ಮನೆಯವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್ ಅರ್ಜಿ ಹಾಕಬೇಕಾದರೆ ಓಟಿಪಿ ಬೇಕು. ಪರೀಕ್ಷೆ ಫಾರ್ಮ್‌ಗೆ, ರಿಸಲ್ಟ್‌ಗೆ ಅಂತ ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ಪೋರ್ಟಲ್‌ಗೆ ಹೋದರೂ ಅದೇ ಕಥೆ. ಆಧಾರ್‌ಗೆ ಸೇರಿಸಿದ ನಂಬರ್ ಅದೇ, ಬ್ಯಾಂಕಿನ ನಂಬರ್ ಅದೇ, ಡಿಜಿಲಾಕರ್‌ನಲ್ಲಿರುವ ಮಾರ್ಕ್ಸ್ ಕಾರ್ಡ್‌ಗೂ ಅದೇ ನಂಬರ್. ಹಾಗಾಗಿ ಕಳ್ಳನ ಕೈಗೆ ಹೋಗುವುದು ಹತ್ತು ಹನ್ನೆರಡು ಸಾವಿರದ ಸಾಮಾನು ಮಾತ್ರ ಅಲ್ಲ. ಆ ಸಿಮ್ ಜೀವಂತ ಇರುವಷ್ಟು ಹೊತ್ತೂ ಹುಡುಗಿಯ ಎಲ್ಲಾ ವ್ಯವಹಾರದ ಬಾಗಿಲು ತೆರೆದೇ ಇರುತ್ತದೆ.

ಅದಕ್ಕೆ ಸಿಇಐಆರ್ ಬಗ್ಗೆ ಹೇಳುವ ಮುಂಚೆ ಒಂದು ಮಾತು. ಫೋನ್ ಹೋದ ಮೊದಲ ಗಂಟೆಯಲ್ಲಿ ಮಾಡುವ ಕೆಲಸಗಳೇ ಬೇರೆ, ಸಿಇಐಆರ್ ಬರುವುದು ಆಮೇಲೆ. ಇದನ್ನು ಬಹಳ ಜನ ಅದಲುಬದಲು ಮಾಡುತ್ತಾರೆ. ಮೊದಲು ಪಕ್ಕದವರ ಫೋನ್‌ನಿಂದ ಸಿಮ್ ಕಂಪನಿಗೆ ಕರೆ ಮಾಡಿ ನಂಬರ್ ಬಂದ್ ಮಾಡಿಸಬೇಕು. ಫೋನ್‌ಗೆ ಎಷ್ಟೇ ಗಟ್ಟಿ ಲಾಕ್ ಇರಲಿ, ಕಳ್ಳ ಸಿಮ್ ತೆಗೆದು ಬೇರೆ ಫೋನ್‌ಗೆ ಹಾಕಿದರೆ ಓಟಿಪಿ ಎಲ್ಲಾ ಅವನಿಗೇ ಬರುತ್ತದೆ. 'ಪಾಸ್‌ವರ್ಡ್ ಮರೆತಿದ್ದೇನೆ' ಅಂತ ಒತ್ತಿದರೆ ಸಾಕು, ಒಂದೊಂದೇ ಖಾತೆ ತೆರೆದುಕೊಳ್ಳುತ್ತಾ ಹೋಗುತ್ತದೆ. ಸಿಮ್ ಆದ ಮೇಲೆ ಬ್ಯಾಂಕ್. ಬ್ಯಾಂಕಿನ ಸಹಾಯವಾಣಿಗೆ ಕರೆ ಮಾಡಿ ಯುಪಿಐ ಮತ್ತು ಮೊಬೈಲ್ ಬ್ಯಾಂಕಿಂಗ್ ನಿಲ್ಲಿಸಬೇಕು. ಖಾತೆಯಿಂದ ದುಡ್ಡು ಹೋಗಿಯೇಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಸೈಬರ್ ವಂಚನೆಯ ಸಹಾಯವಾಣಿ ಅದು. ಆಮೇಲೆ ಗೆಳತಿಯ ಫೋನ್‌ನಲ್ಲಿ, ಕಳೆದ ಫೋನ್ ಎಲ್ಲಿದೆ ಅಂತ ನಕ್ಷೆಯಲ್ಲಿ ಚುಕ್ಕಿಯಿಟ್ಟು ತೋರಿಸುವ ಗೂಗಲ್‌ನ ಫೈಂಡ್ ಹಬ್ ತೆರೆದು ಫೋನ್ ಲಾಕ್ ಮಾಡಬೇಕು. ಅಲ್ಲಿ 'ಅಳಿಸಿ' ಅನ್ನೋ ಆಯ್ಕೆಯೂ ಇರುತ್ತದೆ. ಗಾಬರಿಯಲ್ಲಿ ಮೊದಲು ಅದನ್ನೇ ಒತ್ತಬೇಡಿ. ಒಮ್ಮೆ ಅಳಿಸಿದರೆ ಫೋನ್ ಎಲ್ಲಿದೆ ಅಂತ ಫೈಂಡ್ ಹಬ್ ತೋರಿಸುವುದಿಲ್ಲ.

ಆ ರಾತ್ರಿ ಫೈಂಡ್ ಹಬ್‌ನಲ್ಲಿ ಚುಕ್ಕಿ ಕಾಣಿಸಿತು. ಊರಿನ ಇನ್ನೊಂದು ತುದಿಯ ಓಣಿ. ರೂಮ್‌ಮೇಟ್, ಅವಳ ಇಬ್ಬರು ಗೆಳತಿಯರು ಚಪ್ಪಲಿ ಹಾಕಿಕೊಂಡು ನಿಂತೇಬಿಟ್ಟರು. "ಅಕ್ಕಾ, ಆಟೋ ಮಾಡ್ಕೊಂಡು ಹೋಗಿ ಬರ್ತೀವಿ, ಅಲ್ಲೇ ಐತಿ ನೋಡ್ರಿ" ಅಂತ. ನಾನು ಬಾಗಿಲಿಗೆ ಅಡ್ಡ ನಿಂತೆ. ಈ ಒಂದು ವಿಷಯದಲ್ಲಿ ನನಗೆ ರಾಜಿಯೇ ಇಲ್ಲ. ಚುಕ್ಕಿ ತೋರಿಸುವ ಜಾಗ ಎಷ್ಟೋ ಮೀಟರ್ ಆಚೀಚೆ ಇರಬಹುದು. ಯಾರ ಮನೆ ಬಾಗಿಲು ಬಡಿಯುತ್ತೀರಿ? ಬಡಿದ ಮೇಲೆ ಒಳಗಿಂದ ಯಾರು ಬರುತ್ತಾರೆ? ಆ ಸ್ಕ್ರೀನ್‌ನ ಫೋಟೋ ತೆಗೆದು, ಸಮಯ ಬರೆದಿಟ್ಟು, ಪೊಲೀಸರಿಗೆ ಕೊಡಬೇಕು. ನಿಮ್ಮ ಎದುರಿಗೇ ಕಸಿದುಕೊಂಡು ಓಡಿದ್ದರೆ, ಇಲ್ಲಾ ಯಾರೋ ಹಿಂದೆ ಬೀಳುತ್ತಿದ್ದಾರೆ ಅನಿಸಿದರೆ 112ಕ್ಕೆ ಕರೆ ಮಾಡಿ. ಹೋದ ಫೋನ್‌ಗಾಗಿ ಹುಡುಗಿಯರು ರಾತ್ರಿ ಗೊತ್ತಿಲ್ಲದ ಓಣಿಗೆ ಹೋಗುವುದು ಬೇಡವೇ ಬೇಡ. ಹುಡುಗರಿಗೂ ಇದೇ ಮಾತು ಹೇಳುತ್ತೇನೆ.

ಇನ್ನು ಸಿಇಐಆರ್. ಪ್ರತಿ ಫೋನ್‌ಗೂ ಐಎಂಇಐ ಅಂತ 15 ಅಂಕಿಯ ನಂಬರ್ ಇರುತ್ತದೆ. ಎರಡು ಸಿಮ್ ಹಾಕುವ ಫೋನ್ ಆದರೆ ಎರಡು ನಂಬರ್. ಯಾವ ಸಿಮ್ ಹಾಕಿದರೂ ನೆಟ್‌ವರ್ಕ್‌ಗೆ ಈ ನಂಬರ್ ಕಾಣುತ್ತದೆ. ಆ ನಂಬರನ್ನು ಕಪ್ಪುಪಟ್ಟಿಗೆ ಸೇರಿಸಿದರೆ ಜಿಯೋ ಇರಲಿ, ಏರ್‌ಟೆಲ್ ಇರಲಿ, ಬಿಎಸ್‌ಎನ್‌ಎಲ್ ಇರಲಿ, ಯಾವ ಸಿಮ್ ಹಾಕಿದರೂ ಆ ಫೋನ್‌ನಲ್ಲಿ ಸಿಗ್ನಲ್ ಬರುವುದಿಲ್ಲ. ಮೊದಲು ಮಹಾರಾಷ್ಟ್ರ, ದೆಹಲಿ, ನಮ್ಮ ಕರ್ನಾಟಕದಂಥ ಕೆಲವು ಕಡೆ ಮಾತ್ರ ಇತ್ತು. 2023ರ ಮೇ ತಿಂಗಳಲ್ಲಿ ಅದೇ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್ ಮೂಲಕ ಇಡೀ ದೇಶಕ್ಕೆ ಬಂತು. 2025ರ ಜನವರಿಯಲ್ಲಿ ಆ್ಯಪ್ ಕೂಡ ಬಂತು. ಆ ಆ್ಯಪ್ ಎಲ್ಲಾ ಹೊಸ ಫೋನ್‌ಗಳಲ್ಲಿ ಮೊದಲೇ ಇರಬೇಕು ಅಂತ ಹೊರಡಿಸಿದ ಆದೇಶದ ಮೇಲೆ ಗಲಾಟೆಯಾಗಿ, 2025ರ ಡಿಸೆಂಬರ್‌ನಲ್ಲಿ ಸರ್ಕಾರವೇ ಅದನ್ನು ವಾಪಸ್ ತೆಗೆದುಕೊಂಡಿತು. ಆ್ಯಪ್ ಬೇಡ ಅನ್ನುವವರು ಚಿಂತೆ ಮಾಡಬೇಕಿಲ್ಲ, ವೆಬ್‌ಸೈಟ್‌ನಲ್ಲೇ ಎಲ್ಲಾ ಕೆಲಸ ಆಗುತ್ತದೆ. ನಾವು ಮಾಡಿದ್ದೂ ವೆಬ್‌ಸೈಟ್‌ನಲ್ಲೇ, ಡಿಪಾರ್ಟ್‌ಮೆಂಟಿನ ಕಂಪ್ಯೂಟರ್‌ನಲ್ಲಿ ಕೂತು.

ಫಾರ್ಮ್ ತೆರೆಯುವ ಮುಂಚೆ ಕೈಯಲ್ಲಿ ಏನಿರಬೇಕು ಅನ್ನೋದೇ ಮುಖ್ಯ. ಐಎಂಇಐ ನಂಬರ್, ಫೋನ್‌ನ ಕಂಪನಿ ಮತ್ತು ಮಾಡೆಲ್, ಖರೀದಿ ಬಿಲ್, ಪೊಲೀಸ್ ದೂರಿನ ನಂಬರ್ ಮತ್ತು ಪ್ರತಿ, ಗುರುತಿನ ಚೀಟಿ, ಮತ್ತೆ ಅದೇ ಹಳೆಯ ನಂಬರಿನ ಹೊಸ ಸಿಮ್. ಓದಿದರೆ ಇಷ್ಟೇ. ಹೊಂದಿಸಲು ಹೋದಾಗ ಒಂದೊಂದೂ ಒಂದೊಂದು ಊರಿನಲ್ಲಿರುತ್ತದೆ.

ಬಿಲ್ ಅವ್ವನ ಹೆಸರಿನಲ್ಲಿತ್ತು. ಫೋನ್‌ನ ಡಬ್ಬಿ ಊರಲ್ಲಿ, ಅಟ್ಟದ ಮೇಲೆ. ಪಕ್ಕದ ಮನೆ ಹುಡುಗ ಡಬ್ಬಿ ಹುಡುಕಿ, ಅದರ ಸ್ಟಿಕ್ಕರ್‌ನ ಫೋಟೋ ಕಳಿಸಿದ. ಸ್ಟಿಕ್ಕರ್ ಮೇಲೆ ಎಣ್ಣೆ ಕೈ ತಾಗಿ ಮಸುಕಾಗಿತ್ತು. ಒಂದು ಅಂಕಿ 3 ಅನ್ನಬೇಕೋ 8 ಅನ್ನಬೇಕೋ ತಿಳಿಯುತ್ತಿರಲಿಲ್ಲ. ಇಲ್ಲಿ ನನಗೆ ಗೊತ್ತಿದ್ದ ಒಂದು ಲೆಕ್ಕ ಕೆಲಸಕ್ಕೆ ಬಂತು. ಐಎಂಇಐನ 15ನೇ ಅಂಕಿ ಸುಮ್ನೆ ಇಟ್ಟಿದ್ದಲ್ಲ, ಹಿಂದಿನ 14 ಅಂಕಿಗಳಿಂದ ಲೆಕ್ಕ ಹಾಕಿ ಬಂದದ್ದು. ಎಡಗಡೆಯಿಂದ ಎರಡನೆಯದು, ನಾಲ್ಕನೆಯದು, ಆರನೆಯದು, ಹೀಗೆ ಹದಿನಾಲ್ಕನೆಯದರವರೆಗೆ ಸಮಸ್ಥಾನದ ಅಂಕಿಗಳನ್ನು ಎರಡರಷ್ಟು ಮಾಡಬೇಕು. ಬಂದ ಉತ್ತರ ಎರಡಂಕಿಯಾದರೆ ಅವೆರಡನ್ನೂ ಕೂಡಿಸಬೇಕು, ಅಂದರೆ 16 ಬಂದರೆ 1 ಮತ್ತು 6 ಸೇರಿ 7. ಉಳಿದ ಅಂಕಿಗಳನ್ನು ಇದ್ದ ಹಾಗೇ ಇಟ್ಟು ಎಲ್ಲವನ್ನೂ ಕೂಡಿದರೆ ಮೊತ್ತ ಸೊನ್ನೆಯಲ್ಲಿ ಮುಗಿಯಬೇಕು. ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಮೊದಲು 3 ಇಟ್ಟು ಕೂಡಿದೆವು. ಸೊನ್ನೆ ಬರಲಿಲ್ಲ. 8 ಇಟ್ಟಾಗ ಬಂತು. ಹುಡುಗಿಯ ಮುಖದಲ್ಲಿ ಅವತ್ತು ಮೊದಲ ಸಲ ಸ್ವಲ್ಪ ಧೈರ್ಯ ಕಂಡಿತು.

ಡಬ್ಬಿ ಇಲ್ಲದವರಿಗೂ ದಾರಿಯಿದೆ. ಫೈಂಡ್ ಹಬ್‌ನಲ್ಲಿ ಫೋನ್‌ನ ಹೆಸರಿನ ಪಕ್ಕದ ಮಾಹಿತಿ ಗುರುತು ಒತ್ತಿದರೆ ಐಎಂಇಐ ಕಾಣಿಸುತ್ತದೆ. ಸರಿಯಾದ ಜಿಎಸ್‌ಟಿ ಬಿಲ್ ಕೊಟ್ಟ ಅಂಗಡಿಯಾದರೆ ಸಾಮಾನ್ಯವಾಗಿ ಬಿಲ್ ಮೇಲೂ ನಂಬರ್ ಬರೆದಿರುತ್ತಾರೆ. ಫೋನ್ ಕೈಯಲ್ಲಿದ್ದಾಗ *#06# ಒತ್ತಿದರೆ ಆ ಕ್ಷಣವೇ ತೋರಿಸುತ್ತದೆ. ಈ ಸಾಲು ಓದುವಾಗಲೇ ಒತ್ತಿ, ನಂಬರನ್ನು ಡೈರಿಯಲ್ಲಿ ಬರೆದಿಡಿ. ಫೋನ್‌ನೊಳಗೆ ಮಾತ್ರ ಉಳಿಸಬೇಡಿ.

ಪೊಲೀಸ್ ದೂರಿನ ವಿಷಯಕ್ಕೆ ಬರೋಣ. ಕರ್ನಾಟಕ ಪೊಲೀಸರ ಇ-ಲಾಸ್ಟ್ ಸೌಲಭ್ಯದಲ್ಲಿ ಕಳೆದುಹೋದ ವಸ್ತುವಿನ ವರದಿಯನ್ನು ಠಾಣೆಗೆ ಹೋಗದೆಯೇ ದಾಖಲಿಸಬಹುದು. ಎಲ್ಲೋ ಮರೆತು ಬಂದಿದ್ದರೆ, ಬಿದ್ದುಹೋಗಿದ್ದರೆ ಅದು ಸಾಕು. ಕದ್ದಿದ್ದಾರೆ ಅನ್ನೋದು ಗೊತ್ತಿದ್ದರೆ ಅದು ಕಳ್ಳತನದ ದೂರೇ ಆಗಬೇಕು. ನಾವು ಹೋದ ಠಾಣೆಯಲ್ಲಿ, ಯಾವುದು ಅಂತ ಇಲ್ಲಿ ಹೇಳುವುದಿಲ್ಲ, "ಕಳೆದೈತಿ ಅಂತ ಬರೀರಿ, ಲಗೂನ ಆಗ್ತದ" ಅಂದರು. ಜಿಪ್ ತೆರೆದಿದ್ದ ಬ್ಯಾಗನ್ನು ಮೇಜಿನ ಮೇಲಿಟ್ಟು, ಬಸ್ಸಿನಲ್ಲಿ ಕದ್ದದ್ದು ಅಂತಲೇ ಬರೆದುಕೊಡುತ್ತೇವೆ ಅಂತ ನಾನು ಹೇಳಿದೆ. ಸ್ವಲ್ಪ ಕಾಯಿಸಿದರು. ಆಮೇಲೆ ದೂರು ತೆಗೆದುಕೊಂಡರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಎಫ್‌ಐಆರ್ ಮಾಹಿತಿ ತೆಗೆದುಕೊಳ್ಳಬೇಕು. ಅದರ ಪ್ರತಿಯನ್ನು ದೂರು ಕೊಟ್ಟವರಿಗೆ ಉಚಿತವಾಗಿ ಕೊಡಬೇಕು. ಬಸ್ಸಿನಲ್ಲಿ ಹೋದ ಫೋನ್‌ಗೆ ಇದು ಬಹಳ ಮುಖ್ಯ, ಯಾಕೆಂದರೆ ಹುಬ್ಬಳ್ಳಿಯಲ್ಲಿ ಹೋಯಿತೋ ಧಾರವಾಡದಲ್ಲಿ ಹೋಯಿತೋ ಯಾರಿಗೆ ಗೊತ್ತು? ಜಗಳ ಮಾಡುವುದು ಬೇಡ. ಮರ್ಯಾದೆಯಿಂದ, ಆದರೆ ಗಟ್ಟಿಯಾಗಿ ಕೇಳಬೇಕು. ಒಬ್ಬಳೇ ಹೋಗುವುದಕ್ಕಿಂತ ಜೊತೆಗೊಬ್ಬರು ಇದ್ದರೆ ಮಾತು ಹೊರಗೆ ಬರುತ್ತದೆ.

ದೂರಿನಲ್ಲೇ "ಬಿಲ್ ತಾಯಿಯ ಹೆಸರಿನಲ್ಲಿದೆ, ಬಳಸುತ್ತಿದ್ದವಳು ನಾನು" ಅಂತ ಒಂದು ಸಾಲು ಸೇರಿಸಿದೆವು. ಮನೆಯವರ ಹೆಸರಲ್ಲಿ ಬಿಲ್ ಇರುವ ಎಲ್ಲರಿಗೂ ಇದನ್ನು ಹೇಳುತ್ತೇನೆ. ಆಮೇಲೆ ಹೆಸರು ಹೊಂದುತ್ತಿಲ್ಲ ಅನ್ನುವ ಪ್ರಶ್ನೆ ಬಂದರೆ ತೋರಿಸಲು ಕಾಗದ ಇರುತ್ತದೆ.

ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಸಿಮ್. ಅವಳ ಸಿಮ್ ಅಪ್ಪನ ಹೆಸರಿನಲ್ಲಿತ್ತು. ಹೊಸ ಸಿಮ್ ಕೊಡಬೇಕಾದರೆ ಯಾರ ಹೆಸರಲ್ಲಿದೆಯೋ ಅವರೇ ಬರಬೇಕು, ಅವರದ್ದೇ ಗುರುತು ಪರಿಶೀಲನೆ ಆಗಬೇಕು. ನಿಯಮ ಸರಿಯಾದದ್ದೇ. ಇಲ್ಲದಿದ್ದರೆ ಯಾರು ಬೇಕಾದರೂ ಬಂದು ನಮ್ಮ ನಂಬರ್ ಎತ್ತಿಕೊಂಡು ಹೋಗಬಹುದು. ಆದರೆ ಅವತ್ತು ಅಪ್ಪ ಕೂಲಿ ಬಿಟ್ಟು ಬಸ್ ಹತ್ತಿ ಬಂದರು. ಮಗಳನ್ನು ಒಂದು ಮಾತು ಬೈಯಲಿಲ್ಲ. "ನೀ ಆರಾಮ ಅದಿಯಲ್ಲ, ಸಾಕು ತಗೊ" ಅಂದರು. ಊಟಕ್ಕೆ ಕರೆದರೂ ನಿಲ್ಲದೆ ಮಧ್ಯಾಹ್ನದ ಬಸ್ಸಿಗೇ ವಾಪಸ್ ಹೋದರು. ಹದಿನೆಂಟು ದಾಟಿದ ಪ್ರತಿ ಹುಡುಗಿಯ ಸಿಮ್ ಅವಳ ಹೆಸರಲ್ಲೇ ಇರಬೇಕು ಅಂತ ನಾನು ಹಠ ಹಿಡಿದು ಹೇಳುವುದು ಅವತ್ತಿನಿಂದ. ನಿಮ್ಮ ಹೆಸರಿನಲ್ಲಿ ಯಾವ ಯಾವ ನಂಬರ್ ಇವೆ ಅಂತ ಅದೇ ಸಂಚಾರ್ ಸಾಥಿಯಲ್ಲಿ ನೋಡಬಹುದು. ನಿಮ್ಮದಲ್ಲದ ನಂಬರ್ ಕಂಡರೆ ಅಲ್ಲೇ ವರದಿ ಮಾಡಬಹುದು.

ಸಿಮ್ ಸಿಕ್ಕ ತಕ್ಷಣ ಫಾರ್ಮ್ ತುಂಬೋಣ ಅಂದರೆ ಅದೂ ಆಗುವುದಿಲ್ಲ. ಬದಲಿ ಸಿಮ್ ಶುರುವಾದ ಮೇಲೆ 24 ಗಂಟೆ ಎಸ್‌ಎಮ್‌ಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ನಮ್ಮ ರಕ್ಷಣೆಗೇ ಮಾಡಿದ ನಿಯಮ ಅದು. ಸಿಮ್ ಕದ್ದು ಬದಲಾಯಿಸಿದವರಿಗೆ ಕೂಡಲೇ ಓಟಿಪಿ ಸಿಗಬಾರದು ಅಂತ. ಆದರೆ ಸಿಇಐಆರ್ ಫಾರ್ಮ್‌ಗೂ ಓಟಿಪಿ ಬೇಕಲ್ವಾ? ಹಾಗಾಗಿ ಒಂದು ದಿನ ಕಾಯಲೇಬೇಕು. ಕಂಪ್ಯೂಟರ್ ಮುಂದೆ ಕೂತು "ಓಟಿಪಿ ಬರ್ತಿಲ್ಲ" ಅಂತ ಸಿಟ್ಟು ಮಾಡಿಕೊಳ್ಳುವ ಮುಂಚೆ ಇದು ಗೊತ್ತಿರಲಿ. ಸೇವೆಯ ಪುಟದಲ್ಲಿ ಇದನ್ನು ದೊಡ್ಡ ಅಕ್ಷರದಲ್ಲಿ ಮೊದಲೇ ಬರೆದಿರಬೇಕು ಅನ್ನೋದು ನನ್ನ ಅಭಿಪ್ರಾಯ.

ಫಾರ್ಮ್ ಸ್ವತಃ ಕಷ್ಟದ್ದಲ್ಲ. ಕಳೆದ ಫೋನ್ ಬ್ಲಾಕ್ ಮಾಡಿಸುವ ಕೆಂಪು ಬಟನ್ ಒತ್ತಿದರೆ ಒಂದೇ ಪುಟ. ಮೇಲೆ ಫೋನ್‌ನ ವಿವರ, ನಡುವೆ ಎಲ್ಲಿ ಯಾವಾಗ ಹೋಯಿತು ಮತ್ತು ಠಾಣೆಯ ವಿವರ, ಕೆಳಗೆ ಮಾಲೀಕರ ವಿವರ. ಎರಡು ಸಿಮ್ ಫೋನ್ ಆದರೆ ಎರಡೂ ಐಎಂಇಐ ಕೊಡಿ. ಒಂದನ್ನೇ ಕೊಟ್ಟರೆ ಇನ್ನೊಂದು ಸಿಮ್ ಜಾಗ ತೆರೆದೇ ಉಳಿಯುತ್ತದೆ. ಕಳಿಸಿದ ಮೇಲೆ ಬರುವ ರಿಕ್ವೆಸ್ಟ್ ಐಡಿ ಬಹಳ ಮುಖ್ಯ. ಅರ್ಜಿ ಎಲ್ಲಿಗೆ ಬಂತು ನೋಡಲು ಅದೇ ಬೇಕು, ಫೋನ್ ಸಿಕ್ಕ ಮೇಲೆ ಬೀಗ ತೆಗೆಸಲೂ ಅದೇ ಬೇಕು. ನಾವು ಅದನ್ನು ಎಫ್‌ಐಆರ್ ಪ್ರತಿಯ ಮೂಲೆಯಲ್ಲಿ ಪೆನ್ನಿನಿಂದ ಬರೆದು, ಅವಳ ಕಬೋರ್ಡ್‌ನಲ್ಲಿ ಮಾರ್ಕ್ಸ್ ಕಾರ್ಡ್‌ಗಳ ಜೊತೆ ಇಟ್ಟೆವು. ಇಪ್ಪತ್ತನಾಲ್ಕು ಗಂಟೆಯೊಳಗೆ ಬ್ಲಾಕ್ ಆಗುತ್ತದೆ ಅಂತ ಹೇಳುತ್ತಾರೆ. ನಮ್ಮದು ಮಾರನೇ ದಿನ ನೋಡಿದಾಗ ಆಗಿತ್ತು.

ಈಗ ಮುಖ್ಯ ಪ್ರಶ್ನೆ: ಫೋನ್ ಸಿಗುತ್ತಾ?

ಸಿಗಬಹುದು, ಸಿಗದೆಯೂ ಇರಬಹುದು. ಬ್ಲಾಕ್ ಆದ ಫೋನ್‌ಗೆ ಯಾರಾದರೂ ಸಿಮ್ ಹಾಕಿದರೆ ಆ ಸಿಮ್ ಯಾವುದು ಅನ್ನೋ ಮಾಹಿತಿ ಪೊಲೀಸರಿಗೆ ಹೋಗುತ್ತದೆ. ಅವರು ಆ ನಂಬರ್ ಹಿಡಿದು ಹುಡುಕುತ್ತಾರೆ. ಎಷ್ಟೋ ಸಲ ಫೋನ್ ಕಳ್ಳನ ಹತ್ತಿರ ಇರುವುದಿಲ್ಲ, ಅಗ್ಗಕ್ಕೆ ಸಿಕ್ಕಿತು ಅಂತ ಕೊಂಡ ಯಾರದ್ದೋ ಕೈಯಲ್ಲಿರುತ್ತದೆ. ನಮ್ಮ ಪಕ್ಕದ ರೂಮಿನ ಹುಡುಗಿಯ ಫೋನ್ ಹೀಗೇ ಬೇರೆ ಜಿಲ್ಲೆಯ ಒಬ್ಬರ ಹತ್ತಿರ ಪತ್ತೆಯಾಗಿ ವಾಪಸ್ ಬಂತು. ರೂಮ್‌ಮೇಟ್‌ದು ಇನ್ನೂ ಬಂದಿಲ್ಲ. ಸ್ಥಿತಿ ನೋಡಿದರೆ ಬ್ಲಾಕ್ ಆಗಿದೆ ಅಂತ ಮಾತ್ರ ತೋರಿಸುತ್ತಿದೆ. ಹಾಗಂತ ಅರ್ಜಿ ಹಾಕಿದ್ದು ವ್ಯರ್ಥ ಅಂತ ಅವಳೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಆ ಫೋನ್‌ನಿಂದ ಯಾರೋ ಏನೋ ಮಾಡಿ ನಾಳೆ ಅವಳ ಮನೆ ಬಾಗಿಲಿಗೆ ಪೊಲೀಸರು ಬಂದರೆ ಎಂಬ ಹೆದರಿಕೆ ಅವರ ಅವ್ವನಿಗಿತ್ತು. ಎಫ್‌ಐಆರ್ ಪ್ರತಿ, ಬ್ಲಾಕ್ ಆದ ದಿನಾಂಕ ಎರಡೂ ಕೈಯಲ್ಲಿದೆ ಅಂತ ತಿಳಿದ ಮೇಲೆ ಆ ತಾಯಿ ನಿದ್ದೆ ಮಾಡಿದರು. ನನ್ನ ಲೆಕ್ಕದಲ್ಲಿ ಅದು ಸಣ್ಣ ಲಾಭ ಅಲ್ಲ.

ಇದರ ಮಿತಿಗಳನ್ನೂ ಹೇಳಬೇಕು. ಬ್ಲಾಕ್ ಆದ ಫೋನ್ ವೈಫೈನಲ್ಲಿ ನಡೆಯುತ್ತದೆ. ಫೋಟೋ ನೋಡಬಹುದು, ವೀಡಿಯೋ ನೋಡಬಹುದು. ಆದ್ದರಿಂದ ಒಳಗಿನ ಮಾಹಿತಿಗೆ ಸಿಇಐಆರ್ ರಕ್ಷಣೆ ಕೊಡುವುದಿಲ್ಲ. ಅದಕ್ಕೆ ಸ್ಕ್ರೀನ್ ಲಾಕ್ ಬೇಕು. ಬೀಗ ನಮ್ಮ ದೇಶದ ನೆಟ್‌ವರ್ಕ್‌ಗಳಿಗೆ ಹಾಕಿದ್ದು, ಗಡಿ ದಾಟಿದ ಫೋನ್‌ಗೆ ನಾಟುವುದಿಲ್ಲ. ಬಿಚ್ಚಿ ಡಿಸ್‌ಪ್ಲೇ, ಬ್ಯಾಟರಿ ಅಂತ ಬಿಡಿಬಿಡಿಯಾಗಿ ಮಾರಿದರೂ ಏನೂ ಮಾಡಲಾಗದು. ಐಎಂಇಐ ತಿದ್ದುವವರೂ ಇದ್ದಾರೆ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅದಕ್ಕೆ 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ. ಲ್ಯಾಪ್‌ಟಾಪ್‌ಗೆ ಈ ಸೇವೆ ಇಲ್ಲ. ಸಂಶೋಧನೆ ಮಾಡುವವರ ಜೀವವೆಲ್ಲಾ ಲ್ಯಾಪ್‌ಟಾಪ್‌ನಲ್ಲಿರುತ್ತದೆ, ಅದಕ್ಕೆ ಸೀರಿಯಲ್ ನಂಬರ್ ಬರೆದಿಟ್ಟುಕೊಳ್ಳುವುದು, ಥೀಸಿಸ್‌ನ ಪ್ರತಿಯನ್ನು ಬೇರೆ ಕಡೆ ಉಳಿಸುವುದು, ಲೈಬ್ರರಿಯಲ್ಲಿ ಚಹಾಕ್ಕೆ ಎದ್ದಾಗಲೂ ಪರಿಚಯದವರಿಗೆ ಹೇಳಿ ಹೋಗುವುದು, ಇಷ್ಟೇ ದಾರಿ.

ಇನ್ನೊಂದು ಎಚ್ಚರಿಕೆ. ಫೋನ್ ಹೋದ ಕೆಲವು ದಿನಕ್ಕೆ "ನಿಮ್ಮ ಫೋನ್ ಸಿಕ್ಕಿದೆ, ಜಾಗ ನೋಡಲು ಇಲ್ಲಿ ಒತ್ತಿ" ಅಂತ ಲಿಂಕ್ ಬರಬಹುದು. ಒತ್ತಬೇಡಿ. ಕಳ್ಳರಿಗೆ ನಿಮ್ಮ ಪಾಸ್‌ವರ್ಡ್ ಬೇಕಾಗಿರುತ್ತದೆ, ಯಾಕೆಂದರೆ ಅದಿಲ್ಲದೆ ಲಾಕ್ ಆದ ಫೋನ್ ರೀಸೆಟ್ ಮಾಡಿದರೂ ಹಳೆಯ ಗೂಗಲ್ ಖಾತೆಯನ್ನೇ ಕೇಳುತ್ತದೆ. ಆಸೆಯಲ್ಲಿರುವವರಿಗೆ ಆ ಲಿಂಕ್ ಒತ್ತದೆ ಇರುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಹಾಗಾಗಿಯೇ ಒತ್ತಿ ಹೇಳುತ್ತಿದ್ದೇನೆ. ಫೋನ್ ನಿಜವಾಗಿ ಸಿಕ್ಕರೆ ಠಾಣೆಯವರು ಕರೆಯುತ್ತಾರೆ, ನಿಮ್ಮ ಪಾಸ್‌ವರ್ಡ್ ಯಾರೂ ಕೇಳುವುದಿಲ್ಲ.

ಸೇವೆಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಕೆಲಸ ಮಾಡುವ ವ್ಯವಸ್ಥೆ, ಉಚಿತ, ಮಧ್ಯವರ್ತಿ ಇಲ್ಲ. ಒಂದು ಕಡಿಮೆ ಮಾಡಿದ್ದು ಓಟಿಪಿ ವಿಷಯ ಮೊದಲೇ ಎದ್ದು ಕಾಣುವಂತೆ ಹೇಳದಿದ್ದಕ್ಕೆ, ಮತ್ತೆ ಇಷ್ಟೊಂದು ಕಾಗದ ಹೊಂದಿಸುವುದು ಹಳ್ಳಿಯಿಂದ ಬಂದ ಮೊದಲ ವರ್ಷದ ಹುಡುಗಿಗೆ ಒಬ್ಬಳಿಗೇ ಸಾಧ್ಯವಾಗದ್ದಕ್ಕೆ. ಸೈಬರ್ ಸೆಂಟರ್‌ಗಳಲ್ಲಿ ಇದಕ್ಕೆ ದುಡ್ಡು ಕೇಳಿದರೆ ಫಾರ್ಮ್ ತುಂಬಿದ್ದಕ್ಕೆ ಮಾತ್ರ ಕೊಡಿ, "ಫೋನ್ ಹುಡುಕಿಸಿಕೊಡ್ತೀವಿ" ಅನ್ನುವವರಿಗೆ ಒಂದು ರೂಪಾಯಿ ಕೊಡಬೇಡಿ.

ಈ ವರ್ಷ ಹೊಸ ಹುಡುಗಿಯರು ಬಂದಾಗ ನಾವು ಕೆಲವರು ಸೇರಿ ಮೆಸ್‌ನಲ್ಲಿ ಊಟ ಆದ ಮೇಲೆ ಎಲ್ಲರನ್ನೂ ಕೂರಿಸಿಕೊಂಡೆವು. *#06# ಒತ್ತಿಸಿ ನಂಬರ್ ಬರೆಸಿದೆವು. ಬಿಲ್ ಮತ್ತು ಡಬ್ಬಿಯ ಸ್ಟಿಕ್ಕರ್‌ನ ಫೋಟೋವನ್ನು ಇಮೇಲ್‌ಗೆ ಕಳಿಸಿಕೊಳ್ಳಲು ಹೇಳಿದೆವು. ಸಿಮ್‌ಗೆ ಪಿನ್ ಹಾಕುವುದನ್ನೂ ತೋರಿಸಿದೆವು. ಬೇರೆ ಫೋನ್‌ಗೆ ಹಾಕಿದರೆ ಸಿಮ್ ಪಿನ್ ಕೇಳುತ್ತದೆ, ಮೂರು ಸಲ ತಪ್ಪಿದರೆ ಲಾಕ್ ಆಗುತ್ತದೆ. ಕಂಪನಿ ಕೊಟ್ಟ ಮೂಲ ಪಿನ್ ಯಾವುದು ಅಂತ ಕೇಳಿ ತಿಳಿದುಕೊಂಡೇ ಬದಲಾಯಿಸಿ, ಊಹಿಸಿ ಹಾಕಲು ಹೋಗಬೇಡಿ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಕಳ್ಳತನದ ರಕ್ಷಣೆ ಅಂತ ಒಂದು ಭಾಗ ಈಗ ಬಹಳ ಫೋನ್‌ಗಳಲ್ಲಿದೆ. ಯಾರಾದರೂ ಕೈಯಿಂದ ಕಸಿದು ಓಡಿದಂತಾದರೆ ಸ್ಕ್ರೀನ್ ತಾನೇ ಲಾಕ್ ಆಗುತ್ತದೆ. ಅದನ್ನೂ ಆನ್ ಮಾಡಿಸಿದೆವು.

ರೂಮ್‌ಮೇಟ್ ಈಗ ಸೆಕೆಂಡ್ ಹ್ಯಾಂಡ್ ಫೋನ್ ತೆಗೆದುಕೊಂಡಿದ್ದಾಳೆ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ನಿಂತು ಕೆವೈಎಂ ಅಂತ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ, ಜಾಗ ಬಿಟ್ಟು ಆ ಫೋನ್‌ನ ಐಎಂಇಐ ಹಾಕಿ, 14422ಕ್ಕೆ ಎಸ್‌ಎಮ್‌ಎಸ್ ಕಳಿಸಿದಳು. ಫೋನ್‌ನ ವಿವರ ಬರುತ್ತದೆ. ಕಪ್ಪುಪಟ್ಟಿಯಲ್ಲಿದ್ದರೆ, ಇಲ್ಲಾ ಒಂದೇ ನಂಬರ್ ಹಲವು ಫೋನ್‌ಗಳಲ್ಲಿದ್ದರೆ ಅದನ್ನೂ ತಿಳಿಸುತ್ತದೆ. ಅಂಗಡಿಯವರು ಮೊದಲು ತೋರಿಸಿದ ಫೋನ್‌ಗೆ ಬಿಲ್ ಇಲ್ಲ ಅಂದರು. ಇವಳು ಆ ಅಂಗಡಿ ಬಿಟ್ಟು ಹೊರಗೆ ಬಂದು, ಬಿಲ್ ಕೊಡುವ ಇನ್ನೊಂದು ಅಂಗಡಿಯಲ್ಲಿ ಸ್ವಲ್ಪ ಜಾಸ್ತಿ ಕೊಟ್ಟು ತನ್ನ ಹೆಸರಿನಲ್ಲೇ ಬಿಲ್ ಮಾಡಿಸಿಕೊಂಡು ಬಂದಳು.